ಏಳಡಿ ಅಗಲದ ಮನೆ: ನ್ಯಾರೋಬೋಟ್ ಬದುಕಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಂಡ್ಯ ಕಡೆಯವಳು. ವಿ.ಸಿ. ನಾಲೆಯ, ಅಂದರೆ ವಿಶ್ವೇಶ್ವರಯ್ಯ ಕಾಲುವೆಯ, ಏರಿ ಮೇಲೆ ಶಾಲೆಗೆ ನಡೆದು ಹೋದವಳು. ಈಗ ಆರು ವರ್ಷದಿಂದ ನಾನೂ ನನ್ನ ಗಂಡನೂ ಇಂಗ್ಲೆಂಡಿನ ಕಾಲುವೆಗಳ ಮೇಲೆ, 57 ಅಡಿ ಉದ್ದದ ಒಂದು ನ್ಯಾರೋಬೋಟಿನಲ್ಲಿ ಇದ್ದೇವೆ. ಊರಿಗೆ ಹೋದಾಗ, ಫೋನಿನಲ್ಲಿ, ಇಲ್ಲಿನ ಕನ್ನಡದವರ ಯುಗಾದಿ ಊಟದಲ್ಲಿ ಅವೇ ಪ್ರಶ್ನೆಗಳು ಬರುತ್ತವೆ. ಕೇಳಿದವರ ಮಾತಿನಲ್ಲೇ ಪ್ರಶ್ನೆ ಇಟ್ಟು ಉತ್ತರ ಬರೆದಿದ್ದೇನೆ. ಮೊದಲು ಸುಲಭದ್ದು, ಆಮೇಲೆ ಕೈ ಕೆಸರಾಗುವಂಥದ್ದು.

## ಮೊದಲು ಕೇಳುವವು

ನ್ಯಾರೋಬೋಟ್ ಅಂದ್ರೆ ಏನು? ಕೇರಳದ ಹೌಸ್‌ಬೋಟ್ ತರಾನಾ?

ಅಲ್ಲ. ಕೇರಳದ ಹೌಸ್‌ಬೋಟ್ ಅಗಲವಾಗಿರುತ್ತದೆ, ಹಿನ್ನೀರಿನಲ್ಲಿ ಸುತ್ತಾಡುತ್ತದೆ. ನ್ಯಾರೋಬೋಟ್ ತುಂಬಾ ಸಪೂರ. ಅಗಲ 6 ಅಡಿ 10 ಇಂಚು, ಉದ್ದ ಮಾತ್ರ 70 ಅಡಿ ತನಕ ಇರಬಹುದು. ಪೂರ್ತಿ ಉಕ್ಕಿನದು. ಹೊರಗಿಂದ ನೋಡಿದರೆ ನೀರಿನ ಮೇಲೆ ರೈಲು ಬೋಗಿ ಇಟ್ಟ ಹಾಗೆ ಕಾಣುತ್ತದೆ.

ಇಷ್ಟು ಸಪೂರ ಯಾಕೆ ಅಂದರೆ, ದಾಟಬೇಕಾದ ಲಾಕ್‌ಗಳ (ದೋಣಿಯನ್ನು ಏರಿಸಿ ಇಳಿಸುವ ನೀರಿನ ತೊಟ್ಟಿಗಳ) ಅಗಲವೇ 7 ಅಡಿ. 1761ರಲ್ಲಿ ಬ್ರಿಜ್‌ವಾಟರ್ ಡ್ಯೂಕ್ ತನ್ನ ಗಣಿಯ ಕಲ್ಲಿದ್ದಲನ್ನು ಮ್ಯಾಂಚೆಸ್ಟರ್ ಕಡೆಗೆ ಸಾಗಿಸಲು ಕಾಲುವೆ ತೆರೆದ. ಆ ಊರಿನಲ್ಲಿ ಕಲ್ಲಿದ್ದಲಿನ ಬೆಲೆ ಅರ್ಧಕ್ಕೆ ಇಳಿಯಿತು. ಆ ಕಾಲುವೆಯಲ್ಲಿ ದುಡಿದ ಜೇಮ್ಸ್ ಬ್ರಿಂಡ್ಲಿ ಮುಂದೆ ಟ್ರೆಂಟ್ ಅಂಡ್ ಮರ್ಸಿ ಕಾಲುವೆ ಕಟ್ಟುವಾಗ ಲಾಕಿಗೆ 7 ಅಡಿ ಅಗಲ ಸಾಕು ಅಂದ. ಅಗಲ ಕಡಿಮೆಯಾದರೆ ಖರ್ಚು ಕಡಿಮೆ, ಸುರಂಗ ಸಣ್ಣದು, ನೀರೂ ಉಳಿಯುತ್ತದೆ. ಅವನು ಅವತ್ತು ಹಾಕಿದ ಅಳತೆಯಲ್ಲೇ ಇವತ್ತು ನನ್ನ ಅಡುಗೆಮನೆ ಇದೆ.

ನಮ್ಮ ಕಡೆ ನಾಲೆ ಅಂದರೆ ನೀರು ಹರಿದು ಗದ್ದೆ ಸೇರುತ್ತದೆ. ಇಲ್ಲಿ ನೀರು ಹೆಚ್ಚುಕಡಿಮೆ ನಿಂತೇ ಇರುತ್ತದೆ. ಹರಿಯುವುದು ದೋಣಿ. ನನಗೆ ಇದು ಮನಸ್ಸಿಗೆ ಇಳಿಯಲು ಒಂದು ವರ್ಷ ಬೇಕಾಯಿತು.

ಅಷ್ಟು ಸಣ್ಣ ಜಾಗದಲ್ಲಿ ಇಬ್ಬರು ಹೇಗಿರ್ತೀರಪ್ಪ?

ಗೋಡೆ, ಇನ್ಸುಲೇಷನ್ ಕಳೆದರೆ ಒಳಗೆ ಸುಮಾರು 6 ಅಡಿ ಅಗಲ ಸಿಗುತ್ತದೆ. ಮುಂದಿನಿಂದ ಹಿಂದಕ್ಕೆ ಸಾಲಾಗಿ ಕೂರುವ ಜಾಗ, ಅಡುಗೆಮನೆ, ಬಚ್ಚಲು, ಮಲಗುವ ಕೋಣೆ, ಕೊನೆಗೆ ಎಂಜಿನ್. ಒಬ್ಬರು ಎದುರು ಬಂದರೆ ಇನ್ನೊಬ್ಬರು ಪಕ್ಕಕ್ಕೆ ತಿರುಗಿ ದಾರಿ ಬಿಡಬೇಕು. ಒಂದು ಹೊಸ ವಸ್ತು ಒಳಗೆ ಬರಬೇಕಾದರೆ ಒಂದು ಹಳೇ ವಸ್ತು ಹೊರಗೆ ಹೋಗಬೇಕು. ಈ ನಿಯಮ ನಾವು ಯಾವತ್ತೂ ಮುರಿದಿಲ್ಲ.

ಹಿಂದಿನ ಸಾಗಾಟದ ದೋಣಿಗಳಲ್ಲಿ ಸರಕಿಗೆ ಜಾಗ ಬಿಟ್ಟು, ಹಿಂಬದಿಯ 10 ಅಡಿಯಷ್ಟು ಉದ್ದದ ಕ್ಯಾಬಿನ್ನಿನಲ್ಲಿ ಇಡೀ ಸಂಸಾರ ಇರುತ್ತಿತ್ತು. ಅಲ್ಲೇ ಒಲೆ, ಅಲ್ಲೇ ಮಡಚುವ ಹಾಸಿಗೆ, ಅಲ್ಲೇ ಮಕ್ಕಳು. ಆ ಹೆಂಗಸರು ಅಷ್ಟರಲ್ಲೂ ಹಿತ್ತಾಳೆ ಉಜ್ಜಿ, ಲೇಸಿನ ತೆರೆ ಕಟ್ಟಿ, ನೀರಿನ ಕ್ಯಾನಿನ ಮೇಲೆ ಗುಲಾಬಿ ಹೂವು, ಕೋಟೆಗಳ ಚಿತ್ರ ಬರೆಸಿ ಇಟ್ಟುಕೊಳ್ಳುತ್ತಿದ್ದರು. ಅಂಥ ಒಂದು ಹಳೇ ಕ್ಯಾಬಿನ್ ಒಳಗೆ ಕೂತು ನೋಡಿದ ಮೇಲೆ ನನಗೆ ನಮ್ಮ ದೋಣಿ ಬಂಗಲೆ ಹಾಗೆ ಕಂಡಿತು.

ಎಷ್ಟು ಸ್ಪೀಡ್ ಹೋಗುತ್ತೆ?

ಕಾಲುವೆಯಲ್ಲಿ ಗಂಟೆಗೆ 4 ಮೈಲಿ ಮೀರುವ ಹಾಗಿಲ್ಲ. ಅಂದರೆ ಆರೂವರೆ ಕಿಲೋಮೀಟರ್ ಒಳಗೆ. ನಾವು ಸಾಮಾನ್ಯವಾಗಿ 3 ಮೈಲಿಯಲ್ಲಿ ಹೋಗುತ್ತೇವೆ. ದಂಡೆಯಲ್ಲಿ ಕಟ್ಟಿ ನಿಂತ ದೋಣಿಗಳನ್ನು ದಾಟುವಾಗ ಇನ್ನೂ ನಿಧಾನ. ಜೋರಾಗಿ ಹೋದರೆ ಹಿಂದೆ ಅಲೆ ಎದ್ದು ದಂಡೆಯ ಮಣ್ಣು ಕುಸಿಯುತ್ತದೆ, ನಿಂತ ದೋಣಿಯ ಗೂಟ ಕಿತ್ತು ಬರುತ್ತದೆ, ಒಳಗೆ ಯಾರದೋ ಒಲೆ ಮೇಲಿನ ಪಾತ್ರೆ ಜಾರುತ್ತದೆ.

ದಾರಿಯ ಲೆಕ್ಕ ಹಾಕುವುದು ಹೀಗೆ: ಗಂಟೆಗೆ 3 ಮೈಲಿ, ಒಂದೊಂದು ಲಾಕಿಗೆ ಕಾಲು ಗಂಟೆ. 9 ಮೈಲಿ, 8 ಲಾಕ್ ಇದ್ದರೆ ಐದು ಗಂಟೆ. ಕಾರಿನಲ್ಲಿ ಇಪ್ಪತ್ತು ನಿಮಿಷದ ದಾರಿ. ಆದರೆ ಆ ಐದು ಗಂಟೆಯಲ್ಲಿ ಕೊಕ್ಕರೆ ಎಷ್ಟು ಹೊತ್ತು ಒಂಟಿ ಕಾಲಲ್ಲಿ ನಿಲ್ಲುತ್ತದೆ ಅಂತ ನೋಡಲು ಪುರಸೊತ್ತು ಇರುತ್ತದೆ.

ಓಡಿಸೋಕೆ ಡ್ರೈವಿಂಗ್ ಲೈಸೆನ್ಸ್ ಬೇಕಾ?

ಓಡಿಸುವವರಿಗೆ ಬೇಡ. ದೋಣಿಗೆ ಬೇಕು. ಹೊರಳಿಸುವುದು ಹಿಂದಿನ ಟಿಲ್ಲರ್ ಕೋಲಿನಿಂದ. ಎಡಕ್ಕೆ ಹೋಗಬೇಕಾದರೆ ಕೋಲನ್ನು ಬಲಕ್ಕೆ ತಳ್ಳಬೇಕು. ಇದು ಅರ್ಧ ದಿನದಲ್ಲಿ ಕೈಗೆ ಬರುತ್ತದೆ. ಬರದೇ ಇರುವುದು ಬೇರೆ: ದೋಣಿಗೆ ಬ್ರೇಕ್ ಇಲ್ಲ, ಎಂಜಿನ್ ಹಿಂದಕ್ಕೆ ಹಾಕಿದರೆ ನಿಧಾನಕ್ಕೆ ನಿಲ್ಲುತ್ತದೆ. ಹಿಂದಕ್ಕೆ ಹೋಗುವಾಗ ಟಿಲ್ಲರ್ ಮಾತು ಕೇಳುವುದಿಲ್ಲ. ತಿರುವಿಗೆ ಮೂವತ್ತು ಅಡಿ ಇರುವಾಗಲೇ ಮನಸ್ಸಿನಲ್ಲಿ ತಿರುಗಿ ಆಗಿರಬೇಕು. ಇನ್ನೊಂದು, ಎದುರು ದೋಣಿ ಬಂದರೆ ನಾವು ಬಲಕ್ಕೆ ಸರಿಯಬೇಕು. ರಸ್ತೆಯ ಅಭ್ಯಾಸಕ್ಕೆ ಇದು ಉಲ್ಟಾ.

ನೀರಿಗೆ ಬಿದ್ದರೆ?

ಹೆಚ್ಚಿನ ಕಡೆ ಕಾಲುವೆ ಮೂರು ನಾಲ್ಕು ಅಡಿ ಆಳ, ಎದ್ದು ನಿಲ್ಲಬಹುದು. ಆಳಕ್ಕೆ ಹೆದರಬೇಡಿ, ಮೂರು ವಿಷಯಕ್ಕೆ ಹೆದರಿ. ಒಂದು, ತಿರುಗುತ್ತಿರುವ ಪ್ರೊಪೆಲ್ಲರ್. ಯಾರಾದರೂ ಬಿದ್ದರೆ ಮೊದಲು ಎಂಜಿನ್ ನ್ಯೂಟ್ರಲ್. ಎರಡು, ಚಳಿಗಾಲದ ನೀರು. ಉಸಿರೇ ಹಿಡಿದು ಹೋಗುತ್ತದೆ. ಮೂರು, ದೋಣಿ ಮತ್ತು ಗೋಡೆಯ ನಡುವೆ ಸಿಕ್ಕಿಕೊಳ್ಳುವುದು. ದೋಣಿ ಹದಿನೈದು ಟನ್ ಮೇಲಿರುತ್ತದೆ. ಗೋಡೆಗೆ ತಾಗುತ್ತದೆ ಅಂತ ಕಾಲು ಕೊಟ್ಟು ತಡೆಯಲು ಹೋಗಬೇಡಿ. ತಾಗಲಿ ಬಿಡಿ, ಉಕ್ಕು ತಾನೇ.

ಬಿದ್ದು ಎದ್ದ ಮೇಲೆ ಸೋಪು ಹಾಕಿ ಸ್ನಾನ ಮಾಡಿ. ಇಲಿ ಜ್ವರದ ರೋಗಾಣು ಇಲ್ಲಿನ ನೀರಿನಲ್ಲೂ ಇರುತ್ತದೆ. ಎರಡು ವಾರದೊಳಗೆ ಜ್ವರ, ಮೈಕೈ ನೋವು ಬಂದರೆ ಡಾಕ್ಟರಿಗೆ ಕಾಲುವೆಗೆ ಬಿದ್ದ ವಿಷಯ ತಪ್ಪದೆ ಹೇಳಿ.

## ನೀರು, ಕರೆಂಟು, ಬೆಂಕಿ

ಕುಡಿಯೋ ನೀರು ಎಲ್ಲಿಂದ ತರ್ತೀರಿ?

ದೋಣಿಯ ಮೂತಿಯಲ್ಲಿ ನೀರಿನ ಟ್ಯಾಂಕ್ ಇರುತ್ತದೆ. ನಮ್ಮದು 450 ಲೀಟರಿನದು. ಇಬ್ಬರಿಗೆ ಎಂಟು ಹತ್ತು ದಿನ ಬರುತ್ತದೆ. ಕಾಲುವೆ ಉದ್ದಕ್ಕೂ ಅಲ್ಲಲ್ಲಿ ನಲ್ಲಿಗಳಿವೆ. ದೋಣಿಯವರ ಹತ್ತಿರ ಇರುವ ಒಂದು ಬೀಗದ ಕೈಯಲ್ಲಿ ಅವೆಲ್ಲ ತೆರೆಯುತ್ತವೆ. ಪೈಪ್ ಹಚ್ಚಿ ಮುಕ್ಕಾಲು ಗಂಟೆ ಕಾಯಬೇಕು.

ಟ್ಯಾಂಕ್ ಖಾಲಿಯಾಗುತ್ತಾ ಬಂದ ಹಾಗೆ ಮೂತಿ ಮೇಲೇಳುತ್ತದೆ, ತುಂಬಿದರೆ ತಗ್ಗುತ್ತದೆ. ಈಗ ನನಗೆ ಮೀಟರ್ ಬೇಡ. ಬೆಳಿಗ್ಗೆ ದಂಡೆಗೆ ಇಳಿದು ಮೂತಿಯ ಹತ್ತಿರ ಪಾಚಿಯ ಗೆರೆ ನೀರಿನಿಂದ ಎಷ್ಟು ಮೇಲಿದೆ ಅಂತ ನೋಡಿದರೆ ಎಷ್ಟು ಬಿಂದಿಗೆ ಉಳಿದಿದೆ ಅಂತ ಗೊತ್ತಾಗುತ್ತದೆ. ನಮ್ಮಜ್ಜಿ ಹಂಡೆಗೆ ಬೆರಳಲ್ಲಿ ತಟ್ಟಿ ಹೇಳುತ್ತಿದ್ದಳು, ಅದೇ ಲೆಕ್ಕ. ತರಕಾರಿ ತೊಳೆದ ನೀರು ಮಹಡಿ, ಅಂದರೆ ದೋಣಿಯ ಚಾವಣಿ, ಮೇಲಿನ ಕೊತ್ತಂಬರಿ ಕುಂಡಕ್ಕೆ ಹೋಗುತ್ತದೆ.

ಕೇಳೋಕೆ ಮುಜುಗರ, ಆದ್ರೂ ಟಾಯ್ಲೆಟ್ ಹೇಗೆ?

ಮುಜುಗರ ಬೇಡ. ದೋಣಿಯವರು ಸೇರಿದರೆ ಹವಾಮಾನಕ್ಕಿಂತ ಜಾಸ್ತಿ ಮಾತಾಡುವುದು ಇದನ್ನೇ. ಮೂರು ದಾರಿ ಇವೆ. ದೊಡ್ಡ ಟ್ಯಾಂಕಿನಲ್ಲಿ ಸೇರಿಸಿ, ದುಡ್ಡು ಕೊಟ್ಟು ಪಂಪಿನಿಂದ ಹೀರಿಸುವುದು ಒಂದು. ಒಣ ಟಾಯ್ಲೆಟ್ ಇನ್ನೊಂದು. ನಮ್ಮಲ್ಲಿ ಇರುವುದು ಮೂರನೆಯದು, ಕ್ಯಾಸೆಟ್. ಸೂಟ್‌ಕೇಸಿನ ಹಾಗೆ ಹೊರಗೆ ಎಳೆದು, ಎಲ್ಸನ್ ಅಂತ ಕರೆಯುವ ಜಾಗಕ್ಕೆ ಒಯ್ದು, ಸುರಿದು, ತೊಳೆದು ತರಬೇಕು. ಎರಡು ಮೂರು ದಿನಕ್ಕೊಮ್ಮೆ. ಕಾಲುವೆಗೆ ಬಿಡುವ ಹಾಗೇ ಇಲ್ಲ. ನಮ್ಮದನ್ನು ನಾವೇ ಹೊತ್ತು ತೊಳೆಯುವುದು ನನ್ನನ್ನು ಒಳಗಿಂದ ಬದಲಾಯಿಸಿತು. ಇದನ್ನೇ ಹೊಟ್ಟೆಪಾಡಿಗೆ ಮಾಡಬೇಕಾಗಿ ಬಂದವರನ್ನು ಊರಲ್ಲಿ ಹೇಗೆ ನಡೆಸಿಕೊಂಡೆವು ಅಂತ ನೆನಪಾಗದ ದಿನ ಇಲ್ಲ.

ಕರೆಂಟ್ ಇದೆಯಾ? ಮಿಕ್ಸಿ ನಡೆಯುತ್ತಾ?

ಇದೆ, ನಡೆಯುತ್ತದೆ. ಆದರೆ ಎಷ್ಟು ಹೊತ್ತಿಗೆ ಅನ್ನುವುದು ಮುಖ್ಯ. ದೋಣಿ ಪೂರ್ತಿ 12 ವೋಲ್ಟ್ ಬ್ಯಾಟರಿ ಮೇಲೆ ನಡೆಯುತ್ತದೆ. ದೀಪ, ನೀರಿನ ಪಂಪು, ಫ್ರಿಜ್ಜು ಎಲ್ಲ ಅದರ ಮೇಲೇ. ಮಿಕ್ಸಿಗೆ ಇನ್ವರ್ಟರ್ ಹಾಕುತ್ತೇವೆ. ಬ್ಯಾಟರಿ ತುಂಬುವುದು ಎಂಜಿನ್ ಓಡುವಾಗ ಮತ್ತು ಮಹಡಿಯ ಸೋಲಾರ್ ಹಲಗೆಗಳಿಂದ. ಏಪ್ರಿಲ್‌ನಿಂದ ಸೆಪ್ಟೆಂಬರ್ ತನಕ ಬಿಸಿಲೇ ಸಾಕು. ಡಿಸೆಂಬರಿನಲ್ಲಿ ಇಲ್ಲಿ ನಾಲ್ಕು ಗಂಟೆಗೆ ಕತ್ತಲು, ಸೋಲಾರ್ ಇದ್ದೂ ಇಲ್ಲದ ಹಾಗೆ. ನಿಂತ ಕಡೆ ರಾತ್ರಿ 8ರಿಂದ ಬೆಳಿಗ್ಗೆ 8ರ ತನಕ ಎಂಜಿನ್ ಓಡಿಸಬಾರದು ಅಂತ ನಿಯಮವಿದೆ, ಅಕ್ಕಪಕ್ಕದವರ ನಿದ್ದೆಗಾಗಿ.

ಮೊದಲ ಚಳಿಗಾಲದಲ್ಲಿ ನಾವು ಲೆಕ್ಕ ತಪ್ಪಿ, ಬ್ಯಾಟರಿಗಳನ್ನು ಅರ್ಧಕ್ಕಿಂತ ಕೆಳಗೆ ಮತ್ತೆ ಮತ್ತೆ ಇಳಿಸಿ ನಾಲ್ಕನ್ನೂ ಹಾಳು ಮಾಡಿದೆವು. ಸೀಸದ ಬ್ಯಾಟರಿ ಹಸಿವು ತಡೆಯುವುದಿಲ್ಲ. ದೋಣಿ ಕೊಳ್ಳುವವರಿಗೆ ನನ್ನ ಒಂದೇ ಮಾತು: ಮೊದಲು ಒಳ್ಳೆಯ ಬ್ಯಾಟರಿ ಮಾನಿಟರ್ ಹಾಕಿಸಿ, ಆಮೇಲೆ ಪರದೆ ಬಣ್ಣ ಆರಿಸಿ.

ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹೋಗಲ್ವಾ?

ಹೊರಗೆ ಗಟ್ಟುತ್ತದೆ. ಒಳಗೆ ಬನಿಯನ್ನಿನಲ್ಲಿ ಕೂರುವಷ್ಟು ಬೆಚ್ಚಗೆ. ಕೂರುವ ಜಾಗದ ಮೂಲೆಯಲ್ಲಿ ಮೊಣಕಾಲೆತ್ತರದ ಎರಕದ ಕಬ್ಬಿಣದ ಒಲೆ ಇದೆ. ಅದಕ್ಕೆ ಕಟ್ಟಿಗೆ, ಹೊಗೆ ಕಡಿಮೆ ಬರುವ ಕಲ್ಲಿದ್ದಲು. ಅಕ್ಟೋಬರಿನಲ್ಲಿ ಹಚ್ಚಿದರೆ ಮಾರ್ಚ್ ತನಕ ಆರಲು ಬಿಡುವುದಿಲ್ಲ. ರಾತ್ರಿ ಮಲಗುವ ಮುಂಚೆ ಬೂದಿ ಅಲ್ಲಾಡಿಸಿ, ಕಲ್ಲಿದ್ದಲು ಏರಿಸಿ, ಕೆಳಗಿನ ಗಾಳಿಕಂಡಿಯನ್ನು ಕೂದಲೆಳೆಯಷ್ಟು ಬಿಟ್ಟು ಮುಚ್ಚಬೇಕು. ಜಾಸ್ತಿ ಬಿಟ್ಟರೆ ಮೂರು ಗಂಟೆಗೇ ಉರಿದು ಹೋಗುತ್ತದೆ. ಪೂರ್ತಿ ಮುಚ್ಚಿದರೆ ಆರುತ್ತದೆ, ವಿಷಗಾಳಿಯೂ ಕಟ್ಟಬಹುದು. ಸರಿಯಾಗಿ ಬಿಟ್ಟರೆ ಬೆಳಿಗ್ಗೆ ಆರಕ್ಕೆ ಬಾಗಿಲು ತೆರೆದಾಗ ಬೂದಿಯ ಕೆಳಗೆ ಕೆಂಡ ಕಾಣುತ್ತದೆ, ಎರಡು ಸಣ್ಣ ಸೌದೆ ಇಟ್ಟು ಊದಿದರೆ ಹತ್ತಿಕೊಳ್ಳುತ್ತದೆ. ಆ ಗಾಳಿಕಂಡಿಯ ಹದ ಕಲಿಯಲು ನನಗೆ ಎರಡು ಚಳಿಗಾಲ ಹಿಡಿಯಿತು.

ಒಲೆ ಅಂದ ಮೇಲೆ ಕಾರ್ಬನ್ ಮೊನಾಕ್ಸೈಡ್ ಮಾತು ಬರಲೇಬೇಕು. ವಾಸನೆ ಇಲ್ಲ, ಬಣ್ಣ ಇಲ್ಲ, ಮಲಗಿದವರು ಏಳುವುದಿಲ್ಲ. 2019ರ ಏಪ್ರಿಲ್‌ನಿಂದ ಅದರ ಅಲಾರಂ ದೋಣಿಯಲ್ಲಿ ಕಡ್ಡಾಯ. ನಮ್ಮಲ್ಲಿ ಎರಡು ಇವೆ, ಒಂದು ಹಾಸಿಗೆಯ ತಲೆದೆಸೆಯಲ್ಲಿ. ಗಾಳಿಯ ಕಿಂಡಿಗಳಿಂದ ಚಳಿ ಬರುತ್ತದೆ ಅಂತ ಬಟ್ಟೆ ತುರುಕುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಕಾಲುವೆ ಮೇಲೆ ಮಂಜುಗಡ್ಡೆ ಕಟ್ಟಿದರೆ ದೋಣಿ ಬಿಚ್ಚುವುದಿಲ್ಲ. ಒಡೆದುಕೊಂಡು ಹೋಗಬಹುದು, ಆದರೆ ಒಡೆದ ಗಡ್ಡೆ ನಮ್ಮ ದೋಣಿಯ ಬಣ್ಣ ಕೆರೆಯುತ್ತದೆ, ಪಕ್ಕದ ಫೈಬರ್ ದೋಣಿಗೆ ತೂತೇ ಆಗಬಹುದು. 1962-63ರ ಚಳಿಗಾಲದಲ್ಲಿ ವಾರಗಟ್ಟಲೆ ಕಾಲುವೆಗಳು ಗಟ್ಟಿಯಾಗಿ ನಿಂತವು. ಸರಕು ಕೊಡುತ್ತಿದ್ದವರು ಲಾರಿಗೆ ಹೋದರು, ಹೆಚ್ಚಿನವರು ವಾಪಸ್ ಬರಲಿಲ್ಲ. ಎರಡು ಶತಮಾನದ ಸಾಗಾಟದ ದಂಧೆಗೆ ಅದೇ ಕೊನೆಯ ಪೆಟ್ಟು.

ಅಡುಗೆ ಏನು ಮಾಡ್ತೀರಿ? ಮುದ್ದೆ ಸಿಗುತ್ತಾ?

ಸಿಗುವುದಲ್ಲ, ತಿರುವುತ್ತೇವೆ. ಗ್ಯಾಸ್ ಒಲೆ ಇದೆ. ಪ್ರೊಪೇನ್ ಸಿಲಿಂಡರ್ ಮೂತಿಯಲ್ಲಿ ಬೇರೆ ಪೆಟ್ಟಿಗೆಯಲ್ಲಿ ಇರುತ್ತದೆ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ದೋಣಿಯ ತಳದಲ್ಲಿ ಕೂರದೆ ಹೊರಗೆ ಹೋಗಲಿ ಅಂತ ಆ ಪೆಟ್ಟಿಗೆಗೆ ಕೆಳಗೆ ತೂತು ಇಟ್ಟಿರುತ್ತಾರೆ. ರಾಗಿಹಿಟ್ಟು, ಬೇಳೆ, ಕರಿಬೇವು ಲೆಸ್ಟರ್ ಅಥವಾ ಸೌತಾಲ್ ದಾಟುವಾಗ ತುಂಬಿಕೊಳ್ಳುತ್ತೇವೆ. ಎರಡೂ ಊರಿನ ಪಕ್ಕದಲ್ಲೇ ನೀರಿನ ದಾರಿ ಹೋಗುತ್ತದೆ. ದೋಸೆ ಹಿಟ್ಟು ಚಳಿಗಾಲದಲ್ಲೇ ಚೆನ್ನಾಗಿ ಹುಳಿ ಬರುತ್ತದೆ, ಒಲೆಯ ಪಕ್ಕದ ಮೆಟ್ಟಿಲ ಮೇಲೆ ಇಟ್ಟರೆ. ಮುದ್ದೆ ತಿರುವುವಾಗ ಮಾತ್ರ ಹೊರಗೆ ಯಾವುದಾದರೂ ದೋಣಿ ಬರುತ್ತಿದೆಯಾ ಅಂತ ಕಿಟಕಿಯಲ್ಲಿ ನೋಡಿಕೊಂಡು ಕೋಲು ಹಾಕುತ್ತೇನೆ.

## ದಾರಿಯ ಮೇಲೆ

ಲಾಕ್ ಅಂದ್ರೆ ಏನು? ದೋಣಿ ಬೆಟ್ಟ ಹತ್ತೋದು ಹೇಗೆ?

ನೀರಿನ ಲಿಫ್ಟ್ ಅಂದುಕೊಳ್ಳಿ. ಎರಡು ಕಡೆ ಬಾಗಿಲಿರುವ ಕಲ್ಲಿನ ತೊಟ್ಟಿ. ಮೇಲಿನ ಕಾಲುವೆಗೂ ಕೆಳಗಿನ ಕಾಲುವೆಗೂ ನಡುವೆ ಇರುತ್ತದೆ. ಬಾಗಿಲಿನಲ್ಲೂ ನೆಲದೊಳಗೂ ಪ್ಯಾಡಲ್ ಅನ್ನುವ ಹಲಗೆಗಳಿರುತ್ತವೆ. ನಮ್ಮ ಕೆರೆಯ ತೂಬು ಗೊತ್ತಲ್ಲ, ಅದೇ. ವಿಂಡ್‌ಲಾಸ್ ಅನ್ನುವ ಎಲ್ ಆಕಾರದ ಹಿಡಿಕೆಯಿಂದ ತಿರುವಿದರೆ ತೂಬು ಮೇಲೇಳುತ್ತದೆ.

ಹತ್ತುವಾಗ, ದೋಣಿ ಕೆಳಗಿನ ಬಾಗಿಲಿನಿಂದ ಖಾಲಿ ತೊಟ್ಟಿಯೊಳಗೆ ಬರುತ್ತದೆ. ಎರಡೂ ಕಡೆ ಪಾಚಿ ಹಿಡಿದ, ಒಸರುವ ಗೋಡೆ. ಬಾವಿಯೊಳಗೆ ಇಳಿದ ಹಾಗೆ ತಣ್ಣಗೆ. ನನ್ನ ಗಂಡ ಟಿಲ್ಲರ್ ಹಿಡಿದು ಕೆಳಗೆ ನಿಂತಿರುತ್ತಾನೆ, ನಾನು ಮೇಲೆ. ಕೆಳಗಿನ ಬಾಗಿಲು ಮುಚ್ಚಿ, ಅದರ ತೂಬು ಇಳಿದಿದೆಯಾ ನೋಡಿ, ಮೇಲಿನ ನೆಲತೂಬನ್ನು ಅರ್ಧ ಎತ್ತುತ್ತೇನೆ. ನೀರು ಕೆಳಗಿನಿಂದ ಉಕ್ಕುತ್ತದೆ. ದೋಣಿ ಮುಂದಕ್ಕೆ ಎಳೆದಾಡುತ್ತದೆ, ಆಮೇಲೆ ಶಾಂತವಾಗಿ ಏಳಲು ಶುರು ಮಾಡುತ್ತದೆ. ಮೊದಲು ಗಂಡನ ಟೋಪಿ ಕಾಣುತ್ತದೆ, ಆಮೇಲೆ ಮುಖ. ಏಳೆಂಟು ನಿಮಿಷದಲ್ಲಿ ಎರಡೂ ನೀರು ಸಮ. ಬಾಗಿಲಿನ ಉದ್ದ ತೊಲೆಗೆ ಬೆನ್ನು ಕೊಟ್ಟು ಕೂತ ಹಾಗೆ ಒತ್ತಬೇಕು. ಸಮ ಆಗುವ ತನಕ ನಾಲ್ಕು ಜನ ಒತ್ತಿದರೂ ಅಲ್ಲಾಡುವುದಿಲ್ಲ. ಸಮ ಆದ ಕ್ಷಣ ಒಬ್ಬಳೇ ಒತ್ತಿದರೆ ಸಾಕು. ಬಾಗಿಲು ಬಿಟ್ಟುಕೊಡುವ ಆ ಕ್ಷಣ ಬೆನ್ನಿಗೆ ಗೊತ್ತಾಗುತ್ತದೆ. ಸಾವಿರ ಸಲ ಮಾಡಿದರೂ ನನಗೆ ಅದು ಹಳತಾಗಿಲ್ಲ.

ಎರಡು ಎಚ್ಚರಿಕೆ. ಇಳಿಯುವಾಗ ಮೇಲಿನ ಬಾಗಿಲ ಬುಡದಲ್ಲಿ ಸಿಲ್ ಅನ್ನುವ ಕಲ್ಲಿನ ಅಂಚು ನೀರೊಳಗೆ ಅಡಗಿರುತ್ತದೆ. ಗೋಡೆಯ ಮೇಲೆ ಬಿಳಿ ಗೆರೆ ಎಳೆದು ಗುರುತು ಮಾಡಿರುತ್ತಾರೆ. ದೋಣಿಯ ಹಿಂಭಾಗ ಆ ಗೆರೆಗಿಂತ ಮುಂದೆ ಇರಬೇಕು. ಇಲ್ಲದಿದ್ದರೆ ನೀರು ಇಳಿದ ಹಾಗೆ ಹಿಂಭಾಗ ಅಂಚಿನ ಮೇಲೆ ಕೂತು, ಮೂತಿ ಕೆಳಗಿಳಿದು ದೋಣಿ ಮುಳುಗುತ್ತದೆ. ಇನ್ನೊಂದು, ವಿಂಡ್‌ಲಾಸನ್ನು ಕಂಬಕ್ಕೆ ಸಿಕ್ಕಿಸಿ ಬಿಟ್ಟು ಹೋಗಬೇಡಿ. ಕೊಂಡಿ ಜಾರಿದರೆ ಅದು ಗಿರ್ರನೆ ತಿರುಗಿ ಹಾರುತ್ತದೆ. ಮೂಳೆ ಮುರಿದುಕೊಂಡವರಿದ್ದಾರೆ.

ಒಂದೇ ದಿನ 29 ಲಾಕ್ ಹತ್ತಿದಿರಂತೆ, ನಿಜಾನಾ?

ನಿಜ. ಡಿವೈಝಸ್ ಊರಿನ ಕೇನ್ ಹಿಲ್. ಎರಡು ಮೈಲಿಯಲ್ಲಿ 29 ಲಾಕ್, 237 ಅಡಿ ಏರು. ಅದರಲ್ಲಿ 16 ಲಾಕ್ ಗುಡ್ಡದ ಮೇಲೆ ನೇರ ಸಾಲಾಗಿವೆ, ಕೆಳಗೆ ನಿಂತು ನೋಡಿದರೆ ದೇವಸ್ಥಾನದ ಮೆಟ್ಟಿಲ ಹಾಗೆ. ಇಲ್ಲಿನ ಲಾಕ್‌ಗಳು ಅಗಲ, ಎರಡು ನ್ಯಾರೋಬೋಟ್ ಪಕ್ಕಪಕ್ಕ ಹೋಗಬಹುದು. ಆ ದಿನ ಬೆಳಿಗ್ಗೆ ಗುರುತೇ ಇಲ್ಲದ ಒಂದು ವಯಸ್ಸಾದ ಜೋಡಿಯ ದೋಣಿಗೆ ನಮ್ಮದನ್ನು ಕಟ್ಟಿಕೊಂಡೆವು. ಆರು ಗಂಟೆ ಒಟ್ಟಿಗೆ ತೂಬು ತಿರುವಿದೆವು. ಮೇಲೆ ಹೋಗಿ ಚಿತ್ರಾನ್ನ ಹಂಚಿಕೊಂಡೆವು. ಒಂದೇ ಕಾಲುವೆಯಲ್ಲಿ ಸಾಲಾಗಿರುವ ಲಾಕ್‌ಗಳ ಲೆಕ್ಕದಲ್ಲಿ ಇದಕ್ಕಿಂತ ಉದ್ದದ್ದು ವುಸ್ಟರ್‌ಶೈರಿನ ಟಾರ್ಡಬಿಗ್. 30 ಲಾಕ್.

ಸುರಂಗದಲ್ಲಿ ಭಯ ಆಗಲ್ವಾ?

ವಿ.ಸಿ. ನಾಲೆಗೂ ಹುಲಿಕೆರೆ ಸುರಂಗ ಇದೆ, ಚಿಕ್ಕಂದಿನಲ್ಲಿ ಅದರ ಬಾಯಿ ನೋಡಿಯೇ ಹೆದರುತ್ತಿದ್ದೆ. ಇಲ್ಲಿ ಒಳಗೇ ಹೋಗಬೇಕು. ಗ್ರ್ಯಾಂಡ್ ಯೂನಿಯನ್ ಕಾಲುವೆಯ ಬ್ಲಿಸ್‌ವರ್ತ್ ಸುರಂಗ 1805ರದು, 3,076 ಗಜ. ದಾಟಲು ಮುಕ್ಕಾಲು ಗಂಟೆ. ಗಾಳಿಕೊಳವೆಗಳಿಂದ ತಲೆ ಮೇಲೆ ನೀರು ಸುರಿಯುತ್ತದೆ. ಎದುರಿನಿಂದ ದೋಣಿ ಬಂದರೆ ಕತ್ತಲಲ್ಲಿ ಒಂದು ಚುಕ್ಕಿ ದೀಪ ಕಾಣುತ್ತದೆ. ದೂರವೋ ಹತ್ತಿರವೋ ಗೊತ್ತಾಗುವುದಿಲ್ಲ. ಎಂಜಿನ್ ಇಲ್ಲದ ಕಾಲದಲ್ಲಿ ಕುದುರೆಯನ್ನು ಗುಡ್ಡದ ಮೇಲಿಂದ ನಡೆಸಿ, ಜನ ದೋಣಿ ಮೇಲೆ ಅಂಗಾತ ಮಲಗಿ, ಗೋಡೆಗೆ ಕಾಲು ಕೊಟ್ಟು ನಡೆದ ಹಾಗೆ ದೋಣಿ ತಳ್ಳುತ್ತಿದ್ದರು. ಅದನ್ನು ನೆನೆದರೆ ನನ್ನ ಭಯ ಸಣ್ಣದಾಗುತ್ತದೆ.

ನನಗೆ ಇಷ್ಟದ್ದು ಹೇರ್‌ಕಾಸಲ್ ಸುರಂಗ. ಅಲ್ಲಿ ಬೆಟ್ಟದೊಳಗಿನ ಕಬ್ಬಿಣದ ಅಂಶ ಸೇರಿ ಕಾಲುವೆ ನೀರು ಕಿತ್ತಳೆ ಬಣ್ಣ. ನಮ್ಮ ಕೆಮ್ಮಣ್ಣಿನ ಕೆರೆ ನೋಡಿದ ಹಾಗಾಗುತ್ತದೆ.

ಗಾಳಿಯಲ್ಲಿ ಹೋಗೋ ಕಾಲುವೆ ಇದೆಯಂತೆ?

ವೇಲ್ಸಿನ ಪಾಂಟ್‌ಕಸುಲ್ತೆ. ಥಾಮಸ್ ಟೆಲ್ಫರ್ಡ್ ಮತ್ತು ವಿಲಿಯಂ ಜೆಸಪ್ ಕಟ್ಟಿದ್ದು, 1805ರಲ್ಲಿ ತೆರೆಯಿತು. ಡೀ ನದಿಯ ಮೇಲೆ 126 ಅಡಿ ಎತ್ತರದಲ್ಲಿ, ಸಾವಿರ ಅಡಿ ಉದ್ದದ ಎರಕದ ಕಬ್ಬಿಣದ ತೊಟ್ಟಿಯಲ್ಲಿ ಕಾಲುವೆ ಹೋಗುತ್ತದೆ. ನಡೆಯುವ ದಾರಿಯ ಕಡೆ ಕಂಬಿ ಇದೆ. ಇನ್ನೊಂದು ಕಡೆ ಏನೂ ಇಲ್ಲ. ತೊಟ್ಟಿಯ ಅಂಚು ನೀರಿಗಿಂತ ಒಂದು ಗೇಣು ಮೇಲೆ, ಅದರಾಚೆ ಆಕಾಶ. ಟಿಲ್ಲರ್ ಹಿಡಿದು ಕೆಳಗೆ ನೋಡಿದರೆ ಹಸುಗಳು ಇರುವೆ ಹಾಗೆ ಕಾಣುತ್ತವೆ. 2009ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದೆ.

ಮಧ್ಯದಲ್ಲಿ ಎಂಜಿನ್ ನಿಂತ್ರೆ ಏನ್ಮಾಡ್ತೀರಿ?

ಹತ್ತರಲ್ಲಿ ಎಂಟು ಸಲ ಎಂಜಿನ್ನಿನದಲ್ಲ, ಪ್ರೊಪೆಲ್ಲರಿಗೆ ಏನೋ ಸುತ್ತಿಕೊಂಡಿರುತ್ತದೆ. ಹಿಂಬದಿಯಲ್ಲಿ ವೀಡ್ ಹ್ಯಾಚ್ ಅನ್ನುವ ಮುಚ್ಚಳ ಇದೆ. ಎಂಜಿನ್ ಆರಿಸಿ, ಕೀ ತೆಗೆದು ಜೇಬಿಗೆ ಹಾಕಿಕೊಂಡು, ಆಮೇಲೆ ಕೈ ಹಾಕಬೇಕು. ಈ ಕ್ರಮ ತಪ್ಪಬಾರದು. ಪ್ಲಾಸ್ಟಿಕ್ ಚೀಲ, ಹಗ್ಗ, ಒಂದು ಸಲ ಜರಿ ಇದ್ದ ದುಪಟ್ಟಾ ಕುಯ್ದು ತೆಗೆದಿದ್ದೇವೆ. ಮುಗಿದ ಮೇಲೆ ಮುಚ್ಚಳ ಬಿಗಿಯಾಗಿ ಹಾಕಿ. ಸಡಿಲ ಬಿಟ್ಟು ಎಂಜಿನ್ ಹಾಕಿದರೆ ಪ್ರೊಪೆಲ್ಲರ್ರೇ ಒಳಗೆ ನೀರು ತುಂಬುತ್ತದೆ.

ದೋಣಿಯಲ್ಲೇ ಲಂಡನ್‌ಗೆ ಹೋಗಬಹುದಾ?

ಹೋಗಬಹುದು. ಬರ್ಮಿಂಗ್‌ಹ್ಯಾಮಿನಿಂದ ಗ್ರ್ಯಾಂಡ್ ಯೂನಿಯನ್ 137 ಮೈಲಿ. ಲಂಡನ್ನಿನಲ್ಲಿ ನಿಲ್ಲಲು ಜಾಗ ಸಿಗುವುದೇ ಕಷ್ಟ, ಒಂದರ ಪಕ್ಕಕ್ಕೆ ಒಂದು ಕಟ್ಟಿರುತ್ತಾರೆ. ಲೈಮ್‌ಹೌಸಿನಿಂದ ಬ್ರೆಂಟ್‌ಫರ್ಡ್‌ಗೆ ಥೇಮ್ಸ್ ಮೇಲೆ ಹೋದರೆ ಮಾತು ಬೇರೆ. ಅಲ್ಲಿ ಸಮುದ್ರದ ಉಬ್ಬರವಿಳಿತ ಬರುತ್ತದೆ. ವೈರ್‌ಲೆಸ್, ಲಂಗರು, ಲೈಫ್ ಜಾಕೆಟ್ ಎಲ್ಲ ಇಟ್ಟುಕೊಂಡು ಅನುಭವಸ್ಥರ ಜೊತೆ ಒಮ್ಮೆ ಹೋದೆವು. 2015ರಲ್ಲಿ ಬಸವಣ್ಣನವರ ಪುತ್ಥಳಿ ಇಟ್ಟ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ದಾಟುವಾಗ ಒಂದು ಕೈ ಟಿಲ್ಲರ್ ಮೇಲಿಟ್ಟು ಇನ್ನೊಂದು ಕೈ ಎದೆಗೆ ಇಟ್ಟುಕೊಂಡೆ.

## ಕಾಗದಪತ್ರ, ದುಡ್ಡು, ಮತ್ತೆ ಬಲಿತವರ ಪ್ರಶ್ನೆಗಳು

ಎಲ್ಲಿ ಬೇಕಾದ್ರೂ ನಿಲ್ಲಿಸಬಹುದಾ? ಎಷ್ಟು ದಿನ?

ಟೋಪಾತ್, ಅಂದರೆ ಹಿಂದೆ ಕುದುರೆ ದೋಣಿ ಎಳೆಯುತ್ತಿದ್ದ ದಾರಿಯ ಕಡೆ, ಬೇಡ ಅಂತ ಬೋರ್ಡ್ ಇಲ್ಲದ ಹೆಚ್ಚಿನ ಕಡೆ ಗೂಟ ಹೊಡೆದು ಕಟ್ಟಬಹುದು. 2012ರಿಂದ ಇಂಗ್ಲೆಂಡ್ ಮತ್ತು ವೇಲ್ಸಿನ ಸುಮಾರು 2,000 ಮೈಲಿ ಜಲಮಾರ್ಗ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಕೈಯಲ್ಲಿದೆ. ಕಾಯಂ ಜಾಗ ಇಲ್ಲದ ನಮ್ಮಂಥವರು 1995ರ ಕಾಯ್ದೆ ಪ್ರಕಾರ ಒಂದೇ ಕಡೆ 14 ದಿನಕ್ಕಿಂತ ಜಾಸ್ತಿ ನಿಲ್ಲಬಾರದು. ಕಾಯಿಲೆ, ಮುಚ್ಚಿದ ಲಾಕ್, ಮಂಜುಗಡ್ಡೆ ಇದ್ದರೆ ತಿಳಿಸಿ ಕಾಲಾವಕಾಶ ಕೇಳಬಹುದು. ಹಿಂದೆ ಮುಂದೆ ಎರಡು ಸೇತುವೆ ನಡುವೆ ಸುತ್ತಿದರೆ ಅದು ಪ್ರಯಾಣ ಅಲ್ಲ ಅಂತ ಅವರು ಹೇಳುತ್ತಾರೆ. ಸ್ಕೂಲಿಗೆ ಹೋಗುವ ಮಕ್ಕಳಿರುವವರಿಗೆ ಇದು ನಿಜವಾಗಿ ಕಷ್ಟ. ಅವರ ಬಗ್ಗೆ ಇನ್ನಷ್ಟು ಕರುಣೆ ಬೇಕು ಅನ್ನುವುದು ನನ್ನ ಅನಿಸಿಕೆ.

ವಿಳಾಸ ಇಲ್ಲದೆ ಪತ್ರ, ಡಾಕ್ಟರ್ ಎಲ್ಲ ಹೇಗೆ?

ಪತ್ರ ಲೆಸ್ಟರಿನ ಗೆಳತಿಯ ಮನೆಗೆ ಬರುತ್ತದೆ. ಡಾಕ್ಟರ್ ಹತ್ತಿರ ಹೆಸರು ಬರೆಸಲು ವಿಳಾಸದ ಪುರಾವೆ ಬೇಕಿಲ್ಲ ಅಂತ ಇಲ್ಲಿನ ನಿಯಮವೇ ಇದೆ. ಕೌಂಟರಿನಲ್ಲಿ ಕೂತವರಿಗೆ ಕೆಲವು ಸಲ ಗೊತ್ತಿರುವುದಿಲ್ಲ, ಸಮಾಧಾನದಿಂದ ಹೇಳಬೇಕು.

ಮನೆಗಿಂತ ಅಗ್ಗಾನಾ?

ಅಗ್ಗ ಅಂತ ಬರಬೇಡಿ. ದೋಣಿಯ ಲೈಸೆನ್ಸ್, ವಿಮೆ, ನಾಲ್ಕು ವರ್ಷಕ್ಕೊಮ್ಮೆ ಸುರಕ್ಷತಾ ಪರೀಕ್ಷೆ, ಡೀಸೆಲ್, ಕಲ್ಲಿದ್ದಲು, ಗ್ಯಾಸ್ ಇದ್ದೇ ಇವೆ. ಎರಡು ಮೂರು ವರ್ಷಕ್ಕೊಮ್ಮೆ ದೋಣಿ ಮೇಲೆತ್ತಿ ತಳಕ್ಕೆ ಕಪ್ಪು ಬಳಿಸಬೇಕು. ಬಳಿಸದಿದ್ದರೆ ಉಕ್ಕು ತುಕ್ಕು ಹಿಡಿದು ತೆಳ್ಳಗಾಗುತ್ತದೆ.

ನಾವು ಕೊಳ್ಳುವಾಗ ಮಾರಿದವರು ಹಳೇ ಸರ್ವೆ ಕಾಗದ ತೋರಿಸಿದರು, ನಂಬಿದೆವು. ಒಂದು ವರ್ಷ ಕಳೆದು ಮೇಲೆತ್ತಿ ಅಳೆದರೆ ಒಂದು ಕಡೆ ಉಕ್ಕು 4 ಮಿಲಿಮೀಟರಿಗಿಂತ ತೆಳು. ವಿಮೆಯವರು ಒಪ್ಪುವುದಿಲ್ಲ. ಮೇಲೊಂದು ತಗಡು ಬೆಸೆಸಲು ಊರಿನ ಸೈಟಿಗೆ ಅಂತ ಇಟ್ಟಿದ್ದ ದುಡ್ಡು ಹೋಯಿತು. ನೀವು ಕೊಳ್ಳುವುದಾದರೆ ನೀವೇ ದುಡ್ಡು ಕೊಟ್ಟು, ನೀವೇ ಆರಿಸಿದ ಸರ್ವೆಯವರಿಂದ, ದೋಣಿ ನೀರಿನಿಂದ ಹೊರಗಿರುವಾಗ ನೋಡಿಸಿ.

ಬೆಂಗಳೂರಿಂದ ಒಂದು ವಾರ ಬರ್ತೀವಿ. ಬಾಡಿಗೆಗೆ ಸಿಗುತ್ತಾ? ಎಲ್ಲಿ ಹೋಗೋದು?

ಸಿಗುತ್ತದೆ. ಹೊರಡುವ ದಿನ ಒಂದೆರಡು ಗಂಟೆ ಕಲಿಸಿಕೊಡುತ್ತಾರೆ. ಮೊದಲ ಸಲಕ್ಕೆ ಲ್ಯಾಂಗೊಲೆನ್ ಕಾಲುವೆ ಅನ್ನುತ್ತೇನೆ: 21 ಲಾಕ್ ಅಷ್ಟೇ, ಪಾಂಟ್‌ಕಸುಲ್ತೆ ದಾರಿಯಲ್ಲೇ. ಗಟ್ಟಿ ಜನ ನಾಲ್ಕೈದು ಇದ್ದರೆ ಫೋರ್ ಕೌಂಟೀಸ್ ರಿಂಗ್. 110 ಮೈಲಿ, 94 ಲಾಕ್, ಹೋದ ದಾರಿಯಲ್ಲಿ ವಾಪಸ್ ಬರಬೇಕಿಲ್ಲ. ಮೇ ಅಥವಾ ಸೆಪ್ಟೆಂಬರ್ ಒಳ್ಳೆಯದು. ನವೆಂಬರಿಂದ ಮಾರ್ಚ್ ತನಕ ರಿಪೇರಿಗೆ ಲಾಕ್‌ಗಳನ್ನು ಮುಚ್ಚುತ್ತಿರುತ್ತಾರೆ. ಗಟ್ಟಿ ಚಕ್ರದ ಸೂಟ್‌ಕೇಸ್ ಬೇಡ, ಮಡಚುವ ಚೀಲ ತನ್ನಿ.

ಒಬ್ಬರೇ ಲಾಕ್ ದಾಟಬಹುದಾ?

ಆಗುತ್ತದೆ, ಗಂಡ ಊರಿಗೆ ಹೋದಾಗ ನಾನೇ ಮಾಡಿದ್ದೇನೆ. ಗುಟ್ಟು ಇರುವುದು ದೋಣಿಯ ಮಹಡಿ ನಡುವಿನಿಂದ ಹೊರಡುವ ಹಗ್ಗದಲ್ಲಿ. ಅದನ್ನು ಕೈಯಲ್ಲಿ ಹಿಡಿದೇ ಮೆಟ್ಟಿಲು ಹತ್ತಿ, ಲಾಕಿನ ಪಕ್ಕದ ಗಿಡ್ಡ ಕಂಬಕ್ಕೆ ಒಂದು ಸುತ್ತು ಹಾಕಬೇಕು. ಗಂಟು ಹಾಕಬಾರದು. ಇಳಿಯುವಾಗ ಗಂಟು ಬಿಗಿದರೆ ದೋಣಿ ನೇತಾಡುತ್ತದೆ. ಒಂದೇ ತೂಬು, ಅದೂ ಕಾಲು ಭಾಗ ಎತ್ತಿ ಕಾಯಿರಿ. ಇಬ್ಬರಿಗೆ ಹದಿನೈದು ನಿಮಿಷ ಆದರೆ ಒಬ್ಬರಿಗೆ ಅರ್ಧ ಗಂಟೆ. ಒಂದು ತೂಬಿನಿಂದ ಇನ್ನೊಂದಕ್ಕೆ ಓಡಬೇಡಿ. ಒದ್ದೆ ಹಲಗೆ ಮೇಲೆ ಓಡಿ ಜಾರಿದರೆ ಕೂಗಿದರೂ ಕೇಳುವವರು ಇರುವುದಿಲ್ಲ.

ನಿಂತ ನೀರು ಅಂತೀರಿ, ಹಾಗಾದ್ರೆ ಲಾಕ್‌ಗೆ ಅಷ್ಟು ನೀರು ಎಲ್ಲಿಂದ ಬರುತ್ತೆ? ಬೇಸಿಗೆಯಲ್ಲಿ ಖಾಲಿ ಆಗಲ್ವಾ?

ಒಳ್ಳೆಯ ಪ್ರಶ್ನೆ, ಕೇಳಿದ್ದು ನಮ್ಮೂರಿನ ಒಬ್ಬ ನೀರುಗಂಟಿ. ಒಂದು ಸಪೂರ ಲಾಕ್ ಒಮ್ಮೆ ತುಂಬಿ ಖಾಲಿಯಾದರೆ ಸುಮಾರು ಒಂದು ಲಕ್ಷ ಲೀಟರ್ ನೀರು ಮೇಲಿಂದ ಕೆಳಕ್ಕೆ ಹೋಗುತ್ತದೆ. ಕಾಲುವೆಯ ಅತಿ ಎತ್ತರದ ಭಾಗಕ್ಕೆ ಅಷ್ಟು ನೀರು ಎಲ್ಲಿಂದಲೋ ಬರಬೇಕು. ಅದಕ್ಕೇ ಇನ್ನೂರು ವರ್ಷದ ಹಿಂದೆಯೇ ಗುಡ್ಡಗಳ ಮೇಲೆ ಕೆರೆಗಳನ್ನು ಕಟ್ಟಿದರು. ಕೆಲವು ಕಡೆ ಕೆಳಗಿನ ನೀರನ್ನು ಪಂಪು ಮಾಡಿ ಮೇಲಕ್ಕೆ ಕಳಿಸುತ್ತಾರೆ. ಲ್ಯಾಂಗೊಲೆನ್ ಮಾತ್ರ ಬೇರೆ, ಡೀ ನದಿಯಿಂದ ಬರುವ ನೀರು ಅದರಲ್ಲಿ ಸ್ವಲ್ಪ ಹರಿಯುತ್ತಲೇ ಇರುತ್ತದೆ.

ಮಳೆ ಕಡಿಮೆಯಾದ ಬೇಸಿಗೆಯಲ್ಲಿ ಕೆರೆ ತಗ್ಗುತ್ತದೆ, ಲಾಕ್‌ಗಳಿಗೆ ಬೀಗ ಬೀಳುತ್ತದೆ. ಹಾಗೆ ಒಮ್ಮೆ ಏಳು ವಾರ ಒಂದೇ ಕಡೆ ಸಿಕ್ಕಿಕೊಂಡೆವು. ಅದಕ್ಕೇ ದೋಣಿಯವರು ಲಾಕ್ ಹತ್ತಿರ ಎದುರಿನ ದೋಣಿಗೆ ಕಾಯುತ್ತಾರೆ. ಅದು ಇಳಿದ ಮೇಲೆ ಅದೇ ಖಾಲಿ ತೊಟ್ಟಿಗೆ ನಾವು ನುಗ್ಗಿದರೆ ಒಂದು ತೊಟ್ಟಿ ನೀರು ಉಳಿಯುತ್ತದೆ. ಹೊರಡುವಾಗ ತೂಬುಗಳೆಲ್ಲ ಪೂರ್ತಿ ಇಳಿದಿವೆಯಾ ಅಂತ ಹಿಂದೆ ನಡೆದು ಹೋಗಿ ನೋಡುತ್ತಾರೆ. ಅರ್ಧ ಇಂಚು ಬಿಟ್ಟರೂ ರಾತ್ರಿ ಬೆಳಗಾಗುವುದರಲ್ಲಿ ಮೇಲಿನ ಕಾಲುವೆ ಕೆಸರಾಗಿ, ದೋಣಿಗಳು ಓರೆಯಾಗಿ ನೆಲಕ್ಕೆ ಕೂತಿರುತ್ತವೆ.

ಈ ಕೆರೆಗಳಲ್ಲಿ ಎಷ್ಟು ನೀರಿದೆ ಅಂತ ಟ್ರಸ್ಟಿನವರು ಲೆಕ್ಕ ಹಾಕುತ್ತಾರೆ. ಜೂನ್ ಬಂತೆಂದರೆ ನಾನು ಬೆಳಿಗ್ಗೆ ಕಾಫಿ ಇಟ್ಟುಕೊಂಡು ಎರಡು ಸಂಖ್ಯೆ ನೋಡುತ್ತೇನೆ. ಮೊದಲು ಇಲ್ಲಿನ ಕೆರೆಗಳದ್ದು. ಆಮೇಲೆ ಕನ್ನಂಬಾಡಿಯದು, 124.80 ಅಡಿಗೆ ಇನ್ನೆಷ್ಟು ಬಾಕಿ ಅಂತ.